ಅಮ್ಮನ ಹಣೆಗೆ ಹಚ್ಚದ ಎಣ್ಣೆ

ಸಾಯುವವರಿಗೆ ಪಾದ್ರಿ ಹಚ್ಚುವ ಕೊನೆಯ ಪವಿತ್ರ ಎಣ್ಣೆ ಹಚ್ಚಿಸಿಕೊಳ್ಳದೆ ಅಮ್ಮ ಸತ್ತದ್ದು ನನ್ನ ಸುಳ್ಳಿನಿಂದ. ನೀನು ಹೇಳಿಕೊಟ್ಟೆ, ನಾನು ಹೇಳಿದೆ. ತಮ್ಮಾ — ನಿನ್ನನ್ನು ಫಾದರ್ ಎಂದು ಬರೆಯಲು ಕೈ ಬರುತ್ತಿಲ್ಲ.

ಊರಿನ ಮನೆಯಲ್ಲಿ ಅಜ್ಜನ ಚಿಕ್ಕಪ್ಪನ ಪಟವಿತ್ತಲ್ಲ, ನೂರು ವರ್ಷದ ಹಿಂದಿನ ಪಾದ್ರಿ, ಪರದೇಶದ ಬಿಷಪರ ಪಕ್ಕದಲ್ಲಿ ನಿಂತದ್ದು. ಬಿಷಪರ ಹಿಂದೆ ಊರೂರು ಸುತ್ತುತ್ತಿದ್ದವರು ಹೆತ್ತ ತಾಯಿಯ ಮಣ್ಣಿಗೂ ಬರಲಿಲ್ಲ. ಆಮೇಲೆ ದೊಡ್ಡ ಇಗರ್ಜಿಯ ಮುಖ್ಯ ಪಾದ್ರಿ, ವಿಗಾರರಾದರು. ಮನೆಯಲ್ಲಿ ಅದನ್ನು ತ್ಯಾಗ ಎಂದೇ ಹೇಳಿಕೊಟ್ಟರು. ಅವರು ಏನು ತ್ಯಾಗ ಮಾಡಿದರು — ತಾಯಿಯನ್ನಲ್ಲದೆ? ಆ ಪಟ ನೋಡಿ ನೀನು ಪಾದ್ರಿಯಾದೆ. ಪಾದ್ರಿಯ ಅಕ್ಕ ಎಂದು ತಲೆ ಎತ್ತಿ ನಡೆಯಲು ನಾನೂ ಕಲಿತೆ.

ಇಲ್ಲಿ ಪರದೇಶದಲ್ಲಿ, ಅಲ್ ಬರ್ಷಾದ ನನ್ನ ಫ್ಲ್ಯಾಟಿನಲ್ಲಿ ಅಮ್ಮ ಹಾಸಿಗೆ ಹಿಡಿದಾಗ ನಿನಗೆ ಫೋನ್ ಮಾಡಿದೆ. ಡಾಕ್ಟರು ಕೈಬಿಟ್ಟಿದ್ದಾರೆ ಎಂದೂ ಹೇಳಿದೆ.

"ಈ ವಾರ ಬಿಷಪ್ ಇಲ್ಲಿಗೆ ಬರ್ತಾರೆ ಅಕ್ಕ. ಸೆಮಿನರಿಗೆ ರೆಕ್ಟರ್ ಯಾರು ಅಂತ ಆಗ್ಲೇ ತೀರ್ಮಾನ ಆಗುದು. ನಾನು ಕಾಣದಿದ್ರೆ ಇನ್ನೊಬ್ಬ ನುಗ್ತಾನೆ. ವೀಸಾ ಇವತ್ತು ನಾಳೆ ಬರ್ತದೆ ಅಂತ ಅಮ್ಮನಿಗೆ ಹೇಳು."

ನೀನು ವೀಸಾಕ್ಕೆ ಅರ್ಜಿಯನ್ನೇ ಹಾಕಿರಲಿಲ್ಲ. ಅದು ಗೊತ್ತಿದ್ದೂ ನಾನು ಅಮ್ಮನಿಗೆ ಹಾಗೇ ಹೇಳಿದೆ. ಪಾದ್ರಿಗಳನ್ನು ತಯಾರು ಮಾಡುವ ಶಾಲೆಯ ಮುಖ್ಯಸ್ಥ, ರೆಕ್ಟರನ ಅಕ್ಕ ಎನಿಸಿಕೊಳ್ಳುವ ಆಸೆ —

ಇಲ್ಲಿನ ಚರ್ಚಿನ ಪಾದ್ರಿ ಎಣ್ಣೆ ಹಿಡಿದು ಬಂದರು. ಅಮ್ಮ ಕೈ ಅಡ್ಡ ಹಿಡಿದಳು.

"ನನ್ನ ಮಗ ಬರ್ತಾನೆ ಫಾದರ್, ಅವನೇ ಹಚ್ಚಲಿ. ಪಾದ್ರಿಯನ್ನು ಹೆತ್ತು ಬಾಡಿಗೆ ಪಾದ್ರಿ ಎಂತಕ್ಕೆ? ನೀವು ಚಾ ಕುಡಿದು ಹೋಗಿ."

ಅವರು ನಕ್ಕು ನನ್ನ ಕಡೆ ತಿರುಗಿದರು. "ಬರುದು ಖಂಡಿತವಾ?"

"ವೀಸಾ ಆಯ್ತು ಫಾದರ್. ನಾಳೆ ಫ್ಲೈಟ್."

ಆಗಲಾದರೂ ಬಾಯಿ ಬಿಡಬಹುದಿತ್ತು. ಅವರಿಗೆ ಚಾ ಕೊಟ್ಟೆ, ಲಿಫ್ಟಿನವರೆಗೆ ಕಳುಹಿಸಿ ಬಂದೆ. ಆ ಸಂಜೆ ಅಮ್ಮ ಬಾಚಣಿಗೆ ಕೇಳಿದಳು; ಮಗ ಬರುವಾಗ ಕೂದಲು ಕೆದರಿರಬಾರದಂತೆ. ಬೆಳಿಗ್ಗೆ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು.

ನಾನು ಅಮ್ಮನ ಶವವನ್ನು ಊರಿಗೆ ತಂದೆ; ಮಣ್ಣಿಗೆ ನೀನು ಬಿಷಪರನ್ನು ಕರೆದುಕೊಂಡು ಬಂದೆ. ಅವರು ಮುಂದಿನ ಕುರ್ಚಿಯಲ್ಲಿ ಕುಳಿತಿದ್ದರು, ನೀನು ಪ್ರಸಂಗ ಕೊಟ್ಟೆ — ವೀಸಾ ಸಿಗಲಿಲ್ಲ, ದೇವರ ಚಿತ್ತ, ಎಂದು ಅತ್ತೆ. ಜನರೂ ಅತ್ತರು. ನಿಜ ಗೊತ್ತಿದ್ದೂ ನಾನು ತಲೆ ತಗ್ಗಿಸಿ ಕುಳಿತೆ. ತಿಂಗಳು ಕಳೆಯುವ ಮೊದಲೇ ನೀನು ರೆಕ್ಟರನಾದೆ. ಇಲ್ಲಿ ಸಿಹಿ ಹಂಚಿದವಳು ನಾನೇ.

ಅದಾಗಿ ವರ್ಷಗಳು ಕಳೆದವು. ಬರುವ ಭಾನುವಾರ ಇಲ್ಲಿನ ಅಲ್ ಮುರಕ್ಕಬಾತಿನ ಹೋಟೆಲಿನಲ್ಲಿ ನಮ್ಮವರು ನಿನಗೆ ಸನ್ಮಾನ ಇಟ್ಟಿದ್ದಾರೆ. ಈ ಸಲ ನಿನ್ನ ವೀಸಾ ಬೇಗನೆ ಆಯಿತಂತೆ. ತಾಯಿಯ ಬಗ್ಗೆ ಎರಡು ಮಾತು ಹೇಳಿ ಎಂದು ನನ್ನನ್ನು ಕರೆದಿದ್ದಾರೆ. ನೀನು ಬಂದು ಕೂರುವ ಮೊದಲೇ ತಿಳಿದಿರಲಿ ಎಂದು ಇದನ್ನು ಕಳುಹಿಸುತ್ತಿದ್ದೇನೆ. ಮೊದಲು ನನ್ನ ಸುಳ್ಳು ಹೇಳುತ್ತೇನೆ. ಆಮೇಲೆ ನಿನ್ನದು.