ಬೇವಿನ ಬುಡದ ಚಪ್ಪಲಿಗಳು

ಮೊನ್ನೆ ಎದುರು ಮನೆಯಲ್ಲಿ ಬಾಗಿಲಿನ ಕೆಲಸ ನಡೆದಿತ್ತು. ನಾನು ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಬಡಿಗ ಒಂದು ಹಲಗೆಯ ಮೇಲೆ ಇನ್ನೊಂದನ್ನು ಎಸೆದದ್ದೇ ತಡ, ಆ ಸಪ್ಪಳಕ್ಕೆ ನನ್ನ ಬಲಗೈ ಹೆಬ್ಬೆರಳು ತಾನಾಗಿ ಒತ್ತಿಕೊಂಡಿತು. ಕೈಯಲ್ಲಿದ್ದದ್ದು ಓಟದ ಗಡಿಯಾರವಲ್ಲ, ಚಹಾದ ಬಸಿ. ಚಹಾವೆಲ್ಲ ಲುಂಗಿಯ ಪಾಲಾಯಿತು. ಮನೆಯಾಕೆ ಬಿದ್ದು ಬಿದ್ದು ನಕ್ಕಳು. ನನಗೆ ನಗು ಬರಲಿಲ್ಲ. ಇಷ್ಟು ವರ್ಷವಾದರೂ ಆ ಸಪ್ಪಳ ನನ್ನನ್ನು ಬಿಟ್ಟಿಲ್ಲ.

ಓಟಕ್ಕೂ ನನಗೂ ಏನೇನೂ ಸಂಬಂಧವಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಮಸ್ಕಿಯ ಬಸ್ಸು ಕಣ್ಣೆದುರೇ ಹೊರಟರೂ ಮುಂದಿನದಕ್ಕೆ ಹೋದರಾಯಿತು ಎಂದು ನಿಲ್ಲುವ ಜಾತಿ ನನ್ನದು. ಸಿಂಧನೂರಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತಿದ್ದೆ. ಅದೇ ಶಾಲೆಯಲ್ಲಿ ಆಟದ ಮಾಸ್ತರರಾಗಿದ್ದ ಖಾಜಾ ಸರ್ ಓಟದ ಕ್ಲಬ್ಬು ಕಟ್ಟಿದಾಗ ಒಂದು ದಿನ ನನ್ನನ್ನು ಹಿಡಿದು ನಿಲ್ಲಿಸಿದರು. "ಮಾಸ್ತರ, ನಿಮಗ ಓಡಾಕ ಬರಂಗಿಲ್ಲ, ಖರೆ. ಗಡಿಯಾರ ಹಿಡಿಯಾಕರ ಬರತೈತೆಲ್ಲ?" ಬರುವುದಿಲ್ಲ ಎನ್ನಲು ನಾಚಿಕೆಯಾಯಿತು.

ಕ್ಲಬ್ಬಿನ ಪದ್ಧತಿ ಹೀಗಿತ್ತು. ವಾರದ ದಿನ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಮಕ್ಕಳು ತಮ್ಮ ತಮ್ಮ ಊರಿನ ಮೈದಾನದಲ್ಲೇ ಓಡುವುದು. ಭಾನುವಾರ ಎಲ್ಲರೂ ಮೊದಲ ಬಸ್ಸಿಗೆ ಸಿಂಧನೂರಿಗೆ ಬರುವುದು. ಇದ್ದದ್ದು ಮೂರು ಗುಂಪು. ವಯಸ್ಸು, ಎತ್ತರ, ಅಪ್ಪನ ಹೆಸರು ಯಾವುದೂ ಲೆಕ್ಕಕ್ಕಿಲ್ಲ, ಗಡಿಯಾರ ಹೇಳಿದ್ದೇ ಅಂತಿಮ. ಗೋಡೆಯ ಗುಂಪಿನಲ್ಲಿ ಹೊಸಬರು ಮತ್ತು ಕಾಲು ನೋಯಿಸಿಕೊಂಡವರು. ನೀರಿನ ಟಾಕಿಯ ಗುಂಪಿನಲ್ಲಿ ನಡುವಿನವರು. ಬೇವಿನ ಗುಂಪು ಎಲ್ಲಕ್ಕಿಂತ ಜೋರು, ಜಿಲ್ಲೆಯ ಆಯ್ಕೆಗೆ ಹೋಗುವವರು ಅವರಷ್ಟೇ. ಪಟ್ಟಿ ಅಂಟಿಸುವ ರೂಢಿ ಇರಲಿಲ್ಲ. ಯಾರ ಚಪ್ಪಲಿ ಎಲ್ಲಿದೆಯೋ ಅವರು ಆ ಗುಂಪು. ಗೋಡೆಯ ಬುಡ, ಟಾಕಿಯ ಬುಡ, ಬೇವಿನ ಬುಡ ನೋಡಿದರೆ ಹಾಜರಿಯೂ ಆಯಿತು.

ಇನ್ನೂರು ಮೀಟರಿನ ಆ ತುದಿಯಲ್ಲಿ ಖಾಜಾ ಸರ್ ಓಟ ಶುರು ಮಾಡಲು ಎರಡು ಹಲಗೆಗಳನ್ನು ಎತ್ತಿ ಬಡಿಯುತ್ತಿದ್ದರು. ಈ ತುದಿಯಲ್ಲಿ ಗಡಿಯಾರದೊಂದಿಗೆ ನಾನು. ನನಗೆ ಅವರು ಕಲಿಸಿದ್ದು ಒಂದೇ ಪಾಠ. "ಕಿವೀಲೆ ಒತ್ತಬ್ಯಾಡ್ರಿ ಮಾಸ್ತರ, ಕಣ್ಣೀಲೆ ಒತ್ರಿ. ಸಪ್ಪಳ ನಿಮ್ಮ ತನಕ ಬರೋದ್ರಾಗ ಅರ್ಧ ಸೆಕೆಂಡ್ ಹೋಗಿರತೈತಿ." ಹಲಗೆ ಕೂಡುವುದನ್ನು ನೋಡಿ ಒತ್ತಬೇಕು. ಕೇಳಿ ಒತ್ತಿದರೆ ಓಡಿದವರಿಗೆ ಅರ್ಧ ಸೆಕೆಂಡು ಪುಕ್ಕಟೆ ಸಿಕ್ಕಂತೆ.

ಬಳಗಾನೂರಿನಿಂದ ಬರುತ್ತಿದ್ದ ರೇಣುಕಾಳ ಚಪ್ಪಲಿ ಎರಡು ವರ್ಷದಿಂದ ಟಾಕಿಯ ಬುಡದಲ್ಲೇ ಇತ್ತು. ಹುಡುಗಿಯರು ಬೇವಿನ ಗುಂಪಿಗೆ ಸೇರಲು ಇಪ್ಪತ್ತೊಂಬತ್ತು ಸೆಕೆಂಡಿನೊಳಗೆ ಮುಟ್ಟಬೇಕಿತ್ತು. ಈಕೆ ಪ್ರತಿ ಸಲ ಕೂದಲೆಳೆಯಲ್ಲಿ ಅವಕಾಶ ಕಳೆದುಕೊಳ್ಳುತ್ತಿದ್ದಳು. ಜಿಲ್ಲೆಯ ಆಯ್ಕೆಗೆ ಎರಡೇ ವಾರ ಉಳಿದಿತ್ತು, ಮುಂದಿನ ವರ್ಷಕ್ಕೆ ಅವಳ ವಯಸ್ಸು ಮೀರುತ್ತಿತ್ತು. ಆ ಭಾನುವಾರ ಓಡುವ ಮುಂಚೆ ನನ್ನ ಹತ್ತಿರ ಬಂದು, "ಇವತ್ತು ಆಗ್ಲಿಲ್ಲಂದ್ರ ಮುಗೀತ್ರಿ ಸರ್" ಎಂದಳು.

ಗಾಳಿಗೆ ಧೂಳೆದ್ದಿತು. ನಾನು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಳ್ಳುತ್ತಿದ್ದೆ. ಚಟ್ ಎಂದು ಕೇಳಿತು. ಒತ್ತಿದೆ. ಒತ್ತಿದ ಕ್ಷಣವೇ ಗೊತ್ತಾಯಿತು, ತಪ್ಪಿದೆ ಎಂದು. ಕೈ ಎತ್ತಿ ನಿಲ್ಲಿಸಬೇಕಿತ್ತು. ಎತ್ತಲಿಲ್ಲ. ಅವಳು ಹಲ್ಲು ಕಚ್ಚಿ ಓಡಿ ಬರುತ್ತಿದ್ದಳು, ಜೊತೆಯ ಮೂವರು ಬಹಳ ಹಿಂದಿದ್ದರು. ಗೆರೆ ದಾಟಿದಾಗ ಗಡಿಯಾರದಲ್ಲಿ ಇಪ್ಪತ್ತೆಂಟು ಪಾಯಿಂಟ್ ಏಳು. ಗಟ್ಟಿಯಾಗಿ ಓದಿದೆ. ರೇಣುಕಾ ಏದುಸಿರು ಬಿಡುತ್ತಲೇ ಟಾಕಿಯ ಕಡೆ ಹೋಗಿ, ಚಪ್ಪಲಿ ಎತ್ತಿಕೊಂಡು, ಬೇವಿನ ಬುಡದಲ್ಲಿಟ್ಟಳು.

ವಾರವಿಡೀ ನಾನು ಸುಮ್ಮನಿದ್ದೆ. ಅರ್ಧ ಸೆಕೆಂಡಿನಿಂದ ಯಾರ ಗಂಟು ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ದಯೆ ತೋರಿಸುತ್ತಿದ್ದೇನೆ ಎಂಬ ಹಮ್ಮೂ ಇತ್ತೆನ್ನಿ. ಆದರೆ ಖಾಜಾ ಸರ್ ಎದುರಾದರೆ ಪಕ್ಕದ ಓಣಿಗೆ ತಿರುಗುತ್ತಿದ್ದೆ.

ಮುಂದಿನ ಭಾನುವಾರ ಬೇವಿನ ಗುಂಪಿಗೆ ಆರು ಓಟ ಹಚ್ಚಿದ್ದರು, ನಡುವೆ ಬಿಡುವು ಕಡಿಮೆ. ಮೂರನೆಯದಕ್ಕೇ ರೇಣುಕಾಳ ಮುಖ ಬಿಳಿಚಿಕೊಂಡಿತು. ಸಾಕು ಅನ್ನಬೇಕೆಂದು ಬಾಯಿ ತೆರೆದೆ, ಯಾಕೆ ಎಂದು ಕೇಳಿದರೆ ಏನು ಹೇಳುವುದು? ನಾಲ್ಕನೆಯ ಓಟದ ನಡುವೆ ಅವಳು ತೊಡೆಯ ಹಿಂಭಾಗ ಹಿಡಿದುಕೊಂಡು ಕುಸಿದಳು. ಆ ಕೂಗು ಇನ್ನೂ ನನ್ನ ಕಿವಿಯಲ್ಲಿದೆ.

ಅವಳನ್ನು ಆಸ್ಪತ್ರೆಗೆ ಕಳಿಸಿದ ಮೇಲೆ ಖಾಜಾ ಸರ್ ಮುಂದೆ ಎಲ್ಲ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಹಲಗೆಗಳನ್ನು ಚೀಲದಲ್ಲಿ ಇಡುತ್ತ, "ಗುಂಪು ಮಾಡೋದು ಮರ್ಯಾದಿಗಲ್ರಿ ಮಾಸ್ತರ, ಮಕ್ಕಳ ಕಾಲು ಉಳಿಸಾಕ" ಎಂದರು. ನಾನು ಗಡಿಯಾರವನ್ನು ಅವರ ಕೈಗೆ ಕೊಟ್ಟು ಬಂದೆ. ಆಯ್ಕೆ ಅವಳಿಲ್ಲದೇ ನಡೆಯಿತು. ಆಮೇಲೆ ಕುಂಟುತ್ತ ಬಂದು ಗೋಡೆಯ ಬುಡದಲ್ಲಿ ಚಪ್ಪಲಿ ಬಿಟ್ಟಳಂತೆ. ನೋಡಲು ನನಗೆ ಧೈರ್ಯವಾಗಲಿಲ್ಲ.

ಈಗ ಖಾಜಾ ಸರ್ ಮುದಗಲ್ಲಿನಲ್ಲಿ ಮಗಳ ಮನೆಯಲ್ಲಿದ್ದಾರೆ. ಕ್ಲಬ್ಬು ನಡೆಸುವವಳು ರೇಣುಕಾ, ಹಲಗೆಗಳು ಅವಳ ಕೈಯಲ್ಲಿವೆ. ಚಹಾ ಚೆಲ್ಲಿದ ಆ ವಾರದ ಭಾನುವಾರ ನಾನು ಗಟ್ಟಿ ಮನಸ್ಸು ಮಾಡಿ ಮೈದಾನಕ್ಕೆ ಹೋದೆ. ಅವಳು ಎಡಗೈಯಿಂದ ತೊಡೆಯ ಹಿಂಭಾಗ ತಿಕ್ಕಿಕೊಳ್ಳುತ್ತ ನಿಂತಿದ್ದಳು. ಚಳಿಗೆ ಇನ್ನೂ ಹಿಡಿದುಕೊಳ್ಳುತ್ತದಂತೆ. ಕನ್ನಡಕದ ಕಥೆಯನ್ನೆಲ್ಲ ಹೇಳಿದೆ.

"ಗೊತ್ತಿತ್ರಿ ಸರ್" ಎಂದಳು. "ಓಡಿದ ಕಾಲು ನಂದು. ಅವತ್ತು ಅಷ್ಟು ಜೋರು ಓಡಿಲ್ಲಂತ ನನಗ ಗೊತ್ತಾಗಂಗಿಲ್ಲೇನು? ನೀವು ಎಲ್ಲಿ ತಪ್ಪಾತು ಅಂತೀರೋ ಅಂತ ಅಂಜಿ, ಲಗೂನ ಚಪ್ಪಲಿ ಎತಗೊಂಡು ಹೋದೆ."

ಆಮೇಲೆ ಅವಳು ಗಡಿಯಾರವನ್ನು ನನ್ನ ಕೈಗಿಟ್ಟಳು. "ಇವತ್ತು ಹಿಡೀರಿ. ಹಿಡಿಯೋ ಹುಡುಗಿ ಮದುವಿಗೆ ಹೋಗ್ಯಾಳ."

ಮೊದಲ ಓಟ ಮಸ್ಕಿಯ ಹುಡುಗಿಯೊಬ್ಬಳದು, ಅವಳೂ ಟಾಕಿಯಿಂದ ಬೇವಿಗೆ ಹೋಗಬೇಕಾದವಳು. ಆ ತುದಿಯಲ್ಲಿ ರೇಣುಕಾ ಹಲಗೆ ಎತ್ತಿದ್ದು ಕಂಡಿತು. ಅಷ್ಟರಲ್ಲಿ ಯಾರದೋ ಬೈಕು ಅಡ್ಡ ಹಾಯಿತು, ಸಪ್ಪಳವಷ್ಟೇ ಕೇಳಿ ಒತ್ತಿಬಿಟ್ಟೆ. ಇಪ್ಪತ್ತೆಂಟು ಪಾಯಿಂಟ್ ಎಂಟು. ಹುಡುಗಿ ಗಡಿಯಾರದತ್ತ ಬಗ್ಗಿ ನೋಡಿ, ಕುಣಿಯುತ್ತ ಹೋಗಿ ಚಪ್ಪಲಿ ಎತ್ತಿಕೊಂಡಳು.

"ನಿಲ್ಲವ್ವಾ" ಎಂದೆ. "ನಾ ಹಲಗಿ ನೋಡ್ಲಿಲ್ಲ. ತಪ್ಪು ನಂದು. ದಣಿವಾರಿಸಿಕೊಂಡು ಇನ್ನೊಮ್ಮೆ ಓಡು."

ಎಲ್ಲರ ಓಟ ಮುಗಿದ ಮೇಲೆ ಅವಳು ಮತ್ತೆ ಓಡಿದಳು. ಕಣ್ಣಲ್ಲಿ ನೀರು ಬಂದರೂ ಹಲಗೆ ಕೂಡುವ ತನಕ ನಾನು ರೆಪ್ಪೆ ಬಡಿಯಲಿಲ್ಲ. ಇಪ್ಪತ್ತೊಂಬತ್ತು ಪಾಯಿಂಟ್ ಎರಡು. ಓದಿ ಹೇಳಿದೆ. ಹುಡುಗಿ ನನ್ನ ಮುಖ ನೋಡಲಿಲ್ಲ, ಚಪ್ಪಲಿ ಹಿಡಿದು ಟಾಕಿಯ ಕಡೆ ನಡೆದಳು. ಸಿಟ್ಟಿನಲ್ಲಿ ದಪದಪ ಹೆಜ್ಜೆ ಹಾಕುತ್ತಿದ್ದಳು. ಎರಡೂ ಕಾಲು ನೆಟ್ಟಗೆ ಊರುತ್ತಿದ್ದವು. ಟಾಕಿ ಮುಟ್ಟುವವರೆಗೂ ನಾನು ಆ ಕಾಲುಗಳನ್ನೇ ನೋಡುತ್ತ ನಿಂತೆ.