ಆಂಧ್ರದವಳು ಯಾರು

ಪಕ್ಕದ ಮನೆಯವಳು ಪಂಚಾಯ್ತಿ ಎಲೆಕ್ಷನ್‌ನಲ್ಲಿ ಸೋತಿದ್ದು ಸುಳ್ಳಿನಿಂದ. ಸುಳ್ಳು ಹೇಳಿದವನು ನನ್ನ ಮಗ. ಕೇಳಿಸಿಕೊಂಡು ಬಾಯಿ ಮುಚ್ಚಿಕೊಂಡು ಕೂತವಳು ನಾನು.

ಅವಳು ಆಂಧ್ರದವಳು, ಗೆದ್ದರೆ ನಮ್ಮ ರೇಷನ್ ಕಾರ್ಡೆಲ್ಲ ಆಂಧ್ರದವರ ಪಾಲು ಅಂತ ಅವನು ಎದುರು ಪಾರ್ಟಿಯ ಮೈಕಿನಲ್ಲಿ ಕೂಗಿದ. ಅರ್ಧ ಭಾಷಣ ತೆಲುಗಲ್ಲೇ ಮಾಡಿದ. ಆಂಧ್ರದ ಗಡಿಯಲ್ಲೇ ಇರುವ ನಮ್ಮ ಮೊಳಕಾಲ್ಮೂರಿನ ಜನ ಚಪ್ಪಾಳೆ ತಟ್ಟಿದರು. ಅವಳು ಹುಟ್ಟಿದ್ದು ಇಲ್ಲೇ ನಮ್ಮ ತಾಲ್ಲೂಕಿನ ಬಿ.ಜಿ. ಕೆರೆಯಲ್ಲಿ. ಆಂಧ್ರದಿಂದ ಮದುವೆಯಾಗಿ ಬಂದವಳು ನಾನು.

ಮಗ್ಗದ ಮೇಲಿನ ಸೀರೆ ಮುಗಿದಾಗ ಹಳೆಯ ಎಳೆಗಳಿಗೆ ಹೊಸ ಎಳೆಗಳನ್ನು ಒಂದೊಂದಾಗಿ ಹೊಸೆದು ಸೇರಿಸಬೇಕು. ಮೂವತ್ತು ವರ್ಷ ನಾವಿಬ್ಬರೂ ಎದುರುಬದುರು ಕೂತು ಆ ಕೆಲಸ ಮಾಡಿದ್ದೆವು. ಎಲೆಕ್ಷನ್ ಆದಮೇಲೆ ಅವಳು ಬರಲಿಲ್ಲ. ನಾನೊಬ್ಬಳೇ ಹೊಸೆಯುತ್ತಾ ಕೂತೆ. ಎದುರಿನ ಮಣೆ ಖಾಲಿ.

ಕೊನೆಗೆ ಮಗನನ್ನು ಕೇಳಿದೆ, "ಲೇ, ನಿಮ್ಮವ್ವ ಯಾವೂರೋಳೋ?"

"ಅದು ರಾಜಕೀಯ ಕಣವ್ವ, ನಿಂಗೆ ತಿಳಿಯಲ್ಲ ಸುಮ್ನಿರು."

ಮಾರನೇ ಬೆಳಿಗ್ಗೆ ಬೀದಿ ನಲ್ಲಿಯ ಹತ್ತಿರ ಹೆಂಗಸರೆಲ್ಲ ನಿಂತಿದ್ದರು. ಅವಳೂ ಇದ್ದಳು. "ಆಂಧ್ರದೋಳು ನಾನು, ಇವಳಲ್ಲ. ನನ್ ಮಗ ಸುಳ್ಳು ಹೇಳಿದ, ನಾನು ಸುಮ್ನಿದ್ದೆ" ಅಂತ ಎಲ್ಲರೆದುರು ಹೇಳಿದೆ. ಅವಳು ನನ್ನ ಕಡೆ ನೋಡಲಿಲ್ಲ. ಕೊಡ ತುಂಬಿಕೊಂಡು ಮನೆಗೆ ಬಂದೆ.