ಸೀಮೆಸುಣ್ಣದ ಪುಡಿ

ಲಟಕ್, ಲಟಕ್. ನನ್ನ ಮೊದಲ ಕಾಫಿಗೂ ಮುಂಚೆ ಗೋಡೆಯಾಚೆ ಮಗ್ಗ ಶುರುವಾಗುತ್ತಿತ್ತು. ಮೊಳಕಾಲ್ಮೂರಿನಲ್ಲಿ ನನಗೆ ಅದೇ ಅಲಾರಂ. ಆ ಬೆಳಗ್ಗೆ ಮಾತ್ರ ಸದ್ದಿರಲಿಲ್ಲ. ಪಿಯುಸಿ ಮುಗಿಸಿ ಒಂದು ವರ್ಷದಿಂದ ಮಗ್ಗದ ಮುಂದೆ ಕೂತಿದ್ದ ಪಕ್ಕದ ಮನೆ ಹುಡುಗಿಗೆ ಅವತ್ತು ಚಳ್ಳಕೆರೆಯಲ್ಲಿ ಕೆಲಸದ ಇಂಟರ್‌ವ್ಯೂ.

"ಇದೊಂದು ಸಲ ನೋಡ್ತೀನ್ರಿ ಟೀಚರಮ್ಮ," ಅಂದಿದ್ದ ಅವಳಪ್ಪ. "ಆಗ್ಲಿಲ್ಲ ಅಂದ್ರೆ ಈ ಮಾತು ಮತ್ತೆ ಎತ್ತಂಗಿಲ್ಲ. ಮಗ್ಗಕ್ಕೆ ಹೊಸ ಹಾಸು ಬಂದೈತೆ, ಉದ್ದದ ಎಳೆ ಕಟ್ಟೋಕೆ ಇವಳೇ ಬೇಕು."

ಒಂದು ತಿಂಗಳು ನಾನೇ ಕೋಚ್ ಮಾಡಿದ್ದೆ. ಗುಡ್ ಮಾರ್ನಿಂಗ್ ಸರ್, ಮೇ ಐ ಸಿಟ್, ಎಲ್ಲ. ಬಸ್ಸಿನಲ್ಲೂ ಬಿಡಲಿಲ್ಲ. "ಮಗ್ಗದ ವಿಷಯ ಬಾಯಿಬಿಡಬೇಡ. ಓದಿಲ್ಲದವಳು ಅಂದ್ಕೋತಾರೆ. ಫ್ರೆಶರ್ ಅನ್ನು, ಸಾಕು."

ಸಣ್ಣ ಮೀಟರುಗಳಿಗೆ ತಂತಿ ಜೋಡಿಸುವ ಕಂಪನಿಯವರು ಕಾಲೇಜಿನ ಕ್ಲಾಸ್‌ರೂಮಿನಲ್ಲಿ ಕೂತಿದ್ದರು. ಅರ್ಧ ತೆರೆದ ಬಾಗಿಲಿನಾಚೆ ಬೆಂಚಿನ ಮೇಲೆ ನಾನು. ಒಳಗೆ ಮೇಜಿನ ಮೇಲೆ ಕೂದಲೆಳೆಯಷ್ಟು ತೆಳು ತಂತಿಗಳ ಟ್ರೇ.

"ಬೆರಳಿನ ಸೂಕ್ಷ್ಮ ಕೆಲಸ ಏನಾದ್ರೂ ಮಾಡಿದ್ದೀಯಾ?"

ನಾನು ಬೆಂಚಿನ ತುದಿಗೆ ಜರುಗಿದೆ.

"ನೋ ಸರ್. ಐ ಆಮ್ ಎ ಫ್ರೆಶರ್."

ಅವರು ಹಾಳೆಯಲ್ಲಿ ಅವಳ ಹೆಸರಿಗೆ ಗೀಟೆಳೆದರು. ನಾನು ಎದ್ದು ಒಳಗೆ ಹೋಗಬಹುದಿತ್ತು. ಹೋಗಲಿಲ್ಲ. ದೊಡ್ಡವರು ಮಾತಾಡುವಾಗ ಇಂಟರಪ್ಟ್ ಮಾಡಬಾರದು ಅಂತ ಕಾನ್ವೆಂಟಿನ ಸಿಸ್ಟರ್‌ಗಳು ಕಲಿಸಿದ್ದು ಎಪ್ಪತ್ತು ದಾಟಿದರೂ ಮೊಣಕಾಲು ಹಿಡಿದು ಕೂರಿಸಿತು.

ಅವಳು ಹೊರಗೆ ಬಂದಳು. ಮುಖ ಸಪ್ಪಗಿತ್ತು. "ಅಜ್ಜಿ, ಯಾಕ್ರೀ ಸುಳ್ಳು ಹೇಳಿಸಿದ್ರಿ?"

ನಾನು ಬ್ಯಾಗಿನಲ್ಲಿ ಬಸ್ಸಿನ ಚಿಲ್ಲರೆ ಹುಡುಕತೊಡಗಿದೆ.

ಅವಳು ಸರ್ರನೆ ತಿರುಗಿ ಒಳಗೆ ಹೋದಳು. ಮೇ ಐ ಕಮಿನ್ ಇಲ್ಲ, ಏನಿಲ್ಲ. "ಸಾರ್, ಮಗ್ಗದಾಗೆ ಹಳೇ ಹಾಸಿನ ತುದಿಗೆ ಹೊಸ ಹಾಸು ಸೇರ್ಸೋದು ನಾನೇ. ಸಾವಿರಾರು ರೇಷ್ಮೆ ಎಳೆ, ಒಂದೊಂದೇ ಹೊಸೀಬೇಕು. ಬೆರಳು ಜಾರದಂಗೆ ಬೂದಿ ಐತಾ ಸಾರ್, ಒಂಚೂರು?"

"ಬೂದಿನಾ! ಇದೇನು ಮಠ ಏನಮ್ಮ?" ಯಾರೋ ನಕ್ಕರು.

ಅವಳು ನಗಲಿಲ್ಲ. ಕರಿಹಲಗೆಯ ಕೆಳಗೆ ಉದುರಿದ್ದ ಸೀಮೆಸುಣ್ಣದ ಪುಡಿಯನ್ನು ಬೆರಳಿಗೆ ಸವರಿಕೊಂಡು ಟ್ರೇ ಎಳೆದುಕೊಂಡಳು. ಹೆಬ್ಬೆರಳು, ತೋರುಬೆರಳು, ಒಂದು ತಿರುವು. ಇನ್ನೊಂದು. ಒಳಗಿನ ನಗು ನಿಂತಿತು. ಬಾಗಿಲಿನಾಚೆಯಿಂದ ನಾನು ಹಾಳೆಯ ಮೇಲಿನ ಗೀಟನ್ನೇ ನೋಡುತ್ತಿದ್ದೆ.

ಹದಿನೈದು ದಿನಕ್ಕೆ ಕಂಪನಿಯಿಂದ ಫೋನ್ ಬಂತು.

ಅವಳನ್ನು ಕೊನೆಯ ಸಲ ಕಂಡಿದ್ದು ಬಸ್‌ಸ್ಟ್ಯಾಂಡಿನಲ್ಲಿ, ಟ್ರೈನಿಂಗಿಗೆ ಹೊರಟಾಗ. ಪಕ್ಕದ ಸೀಟಿನ ಹೆಂಗಸು, "ಏನ್ ಮಾಡ್ಕೊಂಡಿದ್ದೆ ತಾಯಿ ಇಷ್ಟು ದಿನ?" ಅಂತ ಕೇಳಿದಳು. ಹುಡುಗಿ ಕಿಟಕಿಯಿಂದ ನನ್ನತ್ತ ಒಮ್ಮೆ ನೋಡಿ, ಕೆಳಗೆ ನಿಂತ ನನಗೂ ಕೇಳುವಂತೆ ಹೇಳಿದಳು: "ಸೀರೆ ನೇಯ್ತಿದ್ದೆ."